ಓಣಿಯ ಕಾರ್ಣಿಕ

ಏಳು ತುಂಬಿತೆಂದರೆ ಬಸುರಿಯ ಹೊಟ್ಟೆ ಓಣಿಯ ಆಸ್ತಿ. ಹೆರಿಗೆಗೆಂದು ತವರೂರು ಹಿರೇಹಡಗಲಿಗೆ ಬಂದ ಮೇಲೆ ನನಗಿದು ಚೆನ್ನಾಗಿ ಮನದಟ್ಟಾಗಿದೆ. ಇದೇ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಉಪವಾಸವಿದ್ದು, ಬಿಲ್ಲನ್ನೇರಿ, ವರ್ಷಕ್ಕೊಂದೇ ಕಾರ್ಣಿಕ ನುಡಿಯುತ್ತಾರೆ. ನಮ್ಮ ಓಣಿಯ ಹೆಂಗಸರು ಹೊಟ್ಟೆ ತುಂಬ ರೊಟ್ಟಿ ಉಂಡು, ಕಟ್ಟೆ ಏರಿ, ದಿನಕ್ಕೆ ಹತ್ತು ನುಡಿಯುತ್ತಾರೆ. “ಹೊಟ್ಟಿ ಮುಂದಕ್ಕೆ ಬಂದೈತಿ, ಗಂಡೇ” ಎಂದು ದೊಡ್ಡವ್ವ. “ಮಾರಿ ಕಳೆ ಏರೈತಿ, ಹೆಣ್ಣೇ” ಎಂದು ಚಿಗವ್ವ. ಭ್ರೂಣದ ಲಿಂಗ ಹೇಳುವುದು 1994ರ ಕಾಯ್ದೆಯಂತೆ ಅಪರಾಧ ಎಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಬೋರ್ಡ್ ಇರುತ್ತದಲ್ಲ, ಅಂಥದ್ದೊಂದನ್ನು ನಮ್ಮ ಕಟ್ಟೆಗೂ ತಗುಲಿಹಾಕಬೇಕು.

ಎದೆಯುರಿಯ ಕಾರ್ಣಿಕ ಮಾತ್ರ ಬೇರೆ. ಗರ್ಭಕೋಶ ಮೇಲೇರಿ ಜಠರವನ್ನು ಒತ್ತುತ್ತದೆ, ಹಾರ್ಮೋನು ಅನ್ನನಾಳದ ಬಾಗಿಲನ್ನು ಸಡಿಲಿಸುತ್ತದೆ. ಸಂಜೆ ಮಂಡಕ್ಕಿ ಜೊತೆ ಎರಡು ಮೆಣಸಿನಕಾಯಿ ಬಜ್ಜಿ ತಿಂದರೆ ರಾತ್ರಿಯಿಡೀ ಗೋಡೆಗೊರಗಿ ಜಾಗರಣೆ. “ಎದಿ ಉರದ್ರ ಕೂಸಿಗೆ ಕೂದ್ಲು ಭಾಳ” ಅಂದಳು ಅವ್ವ. ನಗಬೇಡಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ಇದು ಅಜ್ಜಿಕತೆಯೆಂದು ತೋರಿಸಲು ಹೊರಟು 64 ಬಸುರಿಯರನ್ನು ವಿಚಾರಿಸಿದರು. ಹೆಚ್ಚು ಎದೆಯುರಿ ಇದ್ದವರಿಗೆ ಹೆಚ್ಚು ಕೂದಲಿನ ಕೂಸುಗಳೇ ಹುಟ್ಟಿದವೆಂದು 2006ರಲ್ಲಿ ತಾವೇ ಬರೆದುಕೊಂಡರು. ಅವ್ವನಿಗೆ ನಾನಿದನ್ನು ಹೇಳಿಲ್ಲ. ಹೇಳಿದರೆ ಉಳಿದ ಕಾರ್ಣಿಕಗಳಿಗೂ ಅಮೆರಿಕದ ಮುದ್ರೆ ಬಿತ್ತೆಂದೇ ಲೆಕ್ಕ.

ಕುಬಸದ ದಿನ ಹಸಿರು ಬಳೆ ಇಡಿಸಬೇಕಲ್ಲ? ಬಳೆ ಇಡಿಸುವಾಕೆ ನನ್ನ ಬಾತ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಹಳೇ ಅಳತೆಯ ಬಳೆ ಪಕ್ಕಕ್ಕಿಟ್ಟು, ಸೋಪಿನ ನೀರು ತರಿಸಿದಳು. ಹೆಬ್ಬೆರಳಿನ ಬುಡ ಹಿಂಡಿ ಹಿಂಡಿ ಒಂದೊಂದೇ ಬಳೆ ಏರಿಸುವಾಗ “ತಡಕೋ ತಂಗಿ, ಇನ್ನೊಂದೀಟು, ಬಂತು ಬಂತು” ಎಂದು ಸುತ್ತಲಿನವರ ಕೂಗು. ಹೆರಿಗೆಯ ರಿಹರ್ಸಲ್ಲೇ ಅದು. ಮೈಯ ರಕ್ತವೇ ಹೆಚ್ಚುಕಡಿಮೆ ಅರ್ಧದಷ್ಟು ಏರಿರುವಾಗ ಕೈಕಾಲು ಬಾಯದೆ ಏನು ಮಾಡಾವು? ಕೀಲುಗಳೂ ಸಡಿಲ. ಮಾತೃಪೂರ್ಣ ಊಟಕ್ಕೆ ಅಂಗನವಾಡಿಗೆ ಹೋದ ನಾವು ಬಸುರಿಯರು ಉಣ್ಣುವುದಕ್ಕಿಂತ ಹೆಚ್ಚು ಹೊತ್ತು ಏಳುವುದಕ್ಕೆ ತಗೊಳ್ಳುತ್ತೇವೆ.

ಒಳಗಿನವರದು ಬೇರೆಯೇ ದರ್ಬಾರು. 28ನೇ ವಾರಕ್ಕೆ ಸುಮಾರು ಒಂದು ಕಿಲೋ ಇದ್ದ ಕೂಸು ಆಮೇಲೆ ವಾರಕ್ಕೆ ಹೆಚ್ಚುಕಡಿಮೆ 200 ಗ್ರಾಂ ಏರುತ್ತದೆ. ನಡುವೆ ಅದಕ್ಕೆ ಬಿಕ್ಕಳಿಕೆ ಬೇರೆ; ಹೊಟ್ಟೆಯ ಮೇಲೆ ಕೈಯಿಟ್ಟರೆ ತಾಳ ಹಾಕಿದ ಹಾಗೆ ಟಕ್ ಟಕ್. ಹುಟ್ಟದವರನ್ನು ಯಾರು ನೆನೆಸುತ್ತಾರಪ್ಪ ಎಂದೆ. “ಬಳಿ ಅಂಗಡ್ಯಾಕಿ, ಬಾಕಿ ಐತಲ್ಲ” ಅಂದಳು ಚಿಗವ್ವ.

ಒಂಬತ್ತರಲ್ಲಿ ಸುಳ್ಳು ನೋವೂ ಬರುತ್ತದೆ. ಅಡ್ಡಾಡಿದರೆ, ಮಗ್ಗುಲು ಬದಲಿಸಿದರೆ ಹೋಗುತ್ತದೆ. ಆದರೆ ನೋವು ಬರಬರುತ್ತ ಜೋರಾಗಿ ಹತ್ತಿರ ಹತ್ತಿರ ಬಂದರೆ, ನೀರು ಅಥವಾ ರಕ್ತ ಹೋದರೆ, ಮುಖ ಕೈ ದಿಢೀರನೆ ಬಾತು ತಲೆ ಸಿಡಿದರೆ, ಕೂಸಿನ ಹೊರಳಾಟ ಕಡಿಮೆಯಾದರೆ, ತಾಯಂದಿರೇ, ಕಟ್ಟೆಯ ಕಡೆ ನೋಡಬೇಡಿ. ತಾಯಿ ಕಾರ್ಡ್ ಕೈಗೆತ್ತಿಕೊಂಡು 108ಕ್ಕೆ ಫೋನ್ ಮಾಡಿ.