ಕೊಂಡು ನೋಡು: ಒಂದು ಗೃಹಪರೀಕ್ಷಾ ಮೀಮಾಂಸೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಸೂತ್ರದ ಕರ್ತೃ ಯಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ‘ಇಲ್ಲು ಕಟ್ಟಿ ಚೂಡು, ಪೆಳ್ಳಿ ಚೇಸಿ ಚೂಡು’ ಎಂದು ತೆಲುಗರು ಇದನ್ನೇ ತಮ್ಮದೆನ್ನುತ್ತಾರೆ. ಕೃಷ್ಣಾ ನೀರಿನ ಹಾಗೆ ಇದರಲ್ಲೂ ಯಾರ ಪಾಲು ಎಷ್ಟೆಂದು ನ್ಯಾಯಮಂಡಳಿಯೇ ತೀರ್ಮಾನಿಸಬೇಕು. ಪ್ರಸ್ತುತ ಪ್ರಬಂಧಕ್ಕೆ ಬೇಕಾದದ್ದು ಕೊನೆಯಲ್ಲಿ ಬರುವ ‘ನೋಡು’ ಎಂಬ ಕ್ರಿಯಾಪದ ಮಾತ್ರ.

ವೈಯಾಕರಣರು ಈ ‘ನೋಡು’ವಿಗೂ ಕಣ್ಣಿಗೂ ಸಂಬಂಧವಿಲ್ಲ, ‘ತಿಂದು ನೋಡು’, ‘ಕೇಳಿ ನೋಡು’ ಎನ್ನುವ ಹಾಗೆ ಇದು ಬರೀ ಪ್ರಯತ್ನಾರ್ಥಕ ಎನ್ನುತ್ತಾರೆ. ಒಪ್ಪಿದರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆಯಾದ್ದರಿಂದ ಒಪ್ಪುವುದಿಲ್ಲ. ಕಣ್ಣಿನಿಂದಲೇ ನೋಡುವುದು ಎಂದಿಟ್ಟುಕೊಂಡರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಮದುವೆಗೆ ಮುಂಚೆಯೇ ನೋಡುವ ಶಾಸ್ತ್ರವೊಂದಿದೆ. ಉಪ್ಪಿಟ್ಟು, ಕೇಸರಿಬಾತು ಮುಗಿಯುವಷ್ಟರಲ್ಲಿ ಹುಡುಗಿಯ ನಡಿಗೆ, ಹುಡುಗನ ಸಂಬಳ, ಅವನ ಚಿಕ್ಕಪ್ಪನ ಸಾಲ ಎಲ್ಲದರ ತನಿಖೆಯೂ ಆಗಿರುತ್ತದೆ. ತೆಲುಗರಲ್ಲಿ ಇದಕ್ಕೆ ‘ಪೆಳ್ಳಿಚೂಪುಲು’ ಎಂಬ ಹೆಸರೇ ಇದೆ. ಮನೆಗೆ ಮಾತ್ರ ಅಂಥ ಚೂಪುಲು ಇಲ್ಲ. ಕಟ್ಟಿದ ಮೇಲೆ ನೋಡು, ಕೊಂಡ ಮೇಲೆ ನೋಡು, ಮೊದಲ ಮಳೆ ಬಂದಾಗ ಬಕೆಟ್ಟು ಹಿಡಿದುಕೊಂಡು ನೋಡು.

ಈ ಸಂಶೋಧನೆಯ ಕ್ಷೇತ್ರಕಾರ್ಯ ವಿಶಾಖಪಟ್ಟಣ ಮತ್ತು ವಿಜಯವಾಡಗಳಲ್ಲಿ ನಡೆದದ್ದಕ್ಕೆ ಕಾರಣ ವಿದ್ವತ್ತಲ್ಲ, ನನ್ನ ಭಾವ. ಮೂವತ್ತು ವರ್ಷ ವಿಶಾಖಪಟ್ಟಣದಲ್ಲಿ ನೌಕರಿ ಮಾಡಿ ನಿವೃತ್ತರಾಗುವ ಹೊತ್ತಿಗೆ ಅವರಿಗೆ ಸ್ವಂತ ಫ್ಲಾಟಿನ ಆಸೆ ಹುಟ್ಟಿತು. ಅಕ್ಕ ಬಳ್ಳಾರಿಗೆ ಫೋನು ಮಾಡಿ, “ನಿಮ್ಮ ಭಾವ ಒಬ್ಬರೇ ಹೋದ್ರೆ ಬಾಲ್ಕನೀಲಿ ನಿಂತು ಸಮುದ್ರ ನೋಡಿ ಅಡ್ವಾನ್ಸ್ ಕೊಟ್ಟು ಬರ್ತಾರೆ ಕಣೋ, ನೀನೂ ಬಾ” ಎಂದಳು.

ಭಾರತೀಯ ನ್ಯಾಯದರ್ಶನವು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ಫ್ಲಾಟಿನ ವಿಷಯದಲ್ಲಿ ಪ್ರತ್ಯಕ್ಷ ಕೆಲಸಕ್ಕೆ ಬಾರದು, ಏಕೆಂದರೆ ಪ್ರತ್ಯಕ್ಷವಾಗಿ ಕಾಣುವುದೆಲ್ಲ ಪುಟ್ಟಿ ಮತ್ತು ಪೇಂಟು. ಉಪಮಾನವನ್ನು ಬ್ರೋಕರರು ಗುತ್ತಿಗೆ ಹಿಡಿದಿದ್ದಾರೆ. ನಮ್ಮವನು ಮೂರನೆಯ ಮಹಡಿಯ ಕಿಟಕಿ ತೆರೆದು “ಥೇಟ್ ಸಿಂಗಾಪುರ್ ಸಾರ್” ಎಂದ. (ಅಮರಾವತಿಯ ನಕ್ಷೆಯನ್ನೇ ಸಿಂಗಾಪುರದವರು ಬರೆದುಕೊಟ್ಟ ರಾಜ್ಯವದು, ಈ ಅಲಂಕಾರಕ್ಕೆ ಅಲ್ಲಿ ರಾಜಮಾನ್ಯತೆಯುಂಟು.) ಅನುಮಾನ ಪ್ರಮಾಣ ಮಾತ್ರ ಇಂದಿಗೂ ಚಲಾವಣೆಯಲ್ಲಿದೆ: ಈ ಗೋಡೆಯೊಳಗೆ ನೀರಿದೆ, ಏಕೆಂದರೆ ಬುಡದಲ್ಲಿ ಉಪ್ಪು ಬಿಟ್ಟಿದೆ, ಎಲ್ಲೆಲ್ಲಿ ಉಪ್ಪು ಬಿಡುತ್ತದೋ ಅಲ್ಲಲ್ಲಿ ನೀರಿರುತ್ತದೆ, ಪಕ್ಕದ ಬಚ್ಚಲಮನೆಯ ಗೋಡೆಯಂತೆ. ಬೆಟ್ಟದ ಹೊಗೆ ಕಂಡು ಬೆಂಕಿ ಊಹಿಸಿದ ಪ್ರಾಚೀನರು ಫ್ಲಾಟು ಕೊಂಡಿದ್ದರೆ ಉದಾಹರಣೆ ಇದೇ ಆಗಿರುತ್ತಿತ್ತು.

ಉಳಿದದ್ದು ಶಬ್ದ. ಆಪ್ತವಾಕ್ಯವೇ ಶಬ್ದಪ್ರಮಾಣವೆಂದು ಪರಂಪರೆ ಹೇಳಿದರೂ, ಅದರ ಅಕ್ಷರಶಃ ಅರ್ಥವನ್ನು ನಾನು ಕಂಡದ್ದು ವಿಶಾಖಪಟ್ಟಣದ ಎಂವಿಪಿ ಕಾಲೊನಿಯ ಆ ಫ್ಲಾಟಿನಲ್ಲಿ. ಭಾವನವರ ಸ್ನೇಹಿತರೊಬ್ಬರು ಹೇಳಿದ ನಿವೃತ್ತ ಇಂಜಿನಿಯರು ಚಪ್ಪಲಿ ಬಿಟ್ಟು ಒಳಗೆ ಬಂದು, ಪಂಚೆ ಮೇಲಕ್ಕೆ ಕಟ್ಟಿ, ಹಾಲಿನ ಮೂಲೆಯಲ್ಲಿ ಮಂಡಿಯೂರಿ, ಜೇಬಿನಿಂದ ಐದು ರೂಪಾಯಿಯ ನಾಣ್ಯ ತೆಗೆದರು. ಒಂದೊಂದೇ ಟೈಲ್ಸನ್ನು ತಟ್ಟುತ್ತ ಹೊರಟರು. ಟಿಣ್. ಟಿಣ್. ಟಿಣ್. ಡಬ್. ‘ಡಬ್’ ಎಂದಲ್ಲಿ ಸೀಮೆಸುಣ್ಣದಿಂದ ಒಂದು ಕಾಟು. ಕೆಳಗೆ ಸಿಮೆಂಟು ಸರಿಯಾಗಿ ಕೂರದೆ ಟೊಳ್ಳು ಬಿದ್ದಿದೆ ಎಂದರ್ಥ. ಸೋಫಾ ಕೂರುವ ಜಾಗದಲ್ಲಿ ಕಾಟುಗಳು ಎಷ್ಟಾದವೆಂದರೆ ಯಾರೋ ಚೌಕಾಬಾರ ಆಡಲು ಮನೆ ಬರೆದಂತಿತ್ತು. ಬ್ರೋಕರು ಬಾಗಿ ನೋಡಿ, “ಅದು ಸೌಂಡ್ ಪ್ರೂಫಿಂಗ್ ಸಾರ್” ಎಂದ. ಆಪ್ತವಾಕ್ಯ!

ಇಲ್ಲೊಂದು ಆಕ್ಷೇಪ. ಅಕ್ಕ ಕಲ್ಲಂಗಡಿಯನ್ನು ತಟ್ಟದೆ ಕೊಂಡವಳಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೀರಿನ ಪ್ರಮಾಣ ಹೇಳಬಲ್ಲಳು. ಆದರೆ ಇಂಜಿನಿಯರರ ಫೀಸು ಹನ್ನೆರಡು ಸಾವಿರ ಎಂದ ಕೂಡಲೇ, “ಬರೀ ತಟ್ಟೋದಕ್ಕಾ?” ಎಂದಳು. ಸಮಾಧಾನವನ್ನು ಗಣಿತದಿಂದ ಹೇಳಬೇಕಾಗುತ್ತದೆ. ಫ್ಲಾಟಿನ ಬೆಲೆ 72 ಲಕ್ಷ. ಫೀಸು ಅದರ ಆರುನೂರನೆಯ ಒಂದು ಪಾಲು. ನೂರಕ್ಕೆ ಐದರಂತೆ ಸ್ಟಾಂಪು ಡ್ಯೂಟಿಯೇ 3.6 ಲಕ್ಷ, ಅಂದರೆ ಮೂವತ್ತು ಇಂಜಿನಿಯರರು. ಗೃಹಪ್ರವೇಶಕ್ಕೆ ಅಕ್ಕ ಮನಸ್ಸಿನಲ್ಲೇ ಬರೆದಿಟ್ಟಿದ್ದ ಮುನ್ನೂರು ಎಲೆಯ ಊಟಕ್ಕೆ, ಎಲೆಗೆ ಇನ್ನೂರೈವತ್ತರಂತೆ, ಆರೂಕಾಲು ಇಂಜಿನಿಯರರು. ವಾಸ್ತುವಿನವರು ಹದಿನೈದು ಸಾವಿರ ತೆಗೆದುಕೊಂಡು, ಕಮೋಡಿನ ಮುಖ ತಿರುಗಿಸಲು ಹೇಳಿ ಹೋದಾಗ ಮಾತ್ರ ಯಾರೂ “ಬರೀ ದಿಕ್ಕು ಹೇಳೋದಕ್ಕಾ?” ಎನ್ನಲಿಲ್ಲ.

ವಾಸ್ತುವನ್ನು ಹಗುರವಾಗಿ ಕಾಣುವುದು ಈ ಪ್ರಬಂಧದ ಉದ್ದೇಶವಲ್ಲ, ಬದಲಿಗೆ ಅದರ ಗೌರವ ಉಳಿಸುವುದೇ ಉದ್ದೇಶ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ವಾಸ್ತು ಅಧ್ಯಾಯದಲ್ಲಿ ದಿಕ್ಕನ್ನಷ್ಟೇ ಹೇಳಿ ಕೈತೊಳೆದುಕೊಂಡಿಲ್ಲ, ಗುಂಡಿಯನ್ನೂ ತೋಡಿಸುತ್ತಾನೆ. ಒಂದು ಮೊಳದ ಗುಂಡಿ ತೆಗೆದು ಅದೇ ಮಣ್ಣಿನಿಂದ ಮುಚ್ಚು. ಮಣ್ಣು ಮಿಕ್ಕರೆ ನೆಲ ಒಳ್ಳೆಯದು, ಸಾಲದಿದ್ದರೆ ಕೆಟ್ಟದ್ದು. ಇಲ್ಲವೇ ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬಾ; ನೀರು ಇಳಿಯದಿದ್ದರೆ ಶುಭ. ಇವತ್ತಿನ ಇಂಜಿನಿಯರರು ಮಾಡುವ ಮಣ್ಣು ಪರೀಕ್ಷೆಯ ಅಜ್ಜ ಇದು. ಕಾಲಾಂತರದಲ್ಲಿ ಗುದ್ದಲಿ ಹೋಯಿತು, ದಿಕ್ಸೂಚಿ ಉಳಿಯಿತು. ಗುದ್ದಲಿಗೆ ಬೆವರು ಬೇಕು, ದಿಕ್ಸೂಚಿ ಮೊಬೈಲಿನಲ್ಲೇ ಬರುತ್ತದೆ. ಪಾಠಾಂತರ ಹೀಗಾದದ್ದಕ್ಕೆ ನನಗೆ ತೋರುವ ಕಾರಣ ಇಷ್ಟೇ.

ಇಂಜಿನಿಯರರು ಬಾಲ್ಕನಿಗೆ ಬಂದರು. ನಾವೆಲ್ಲ ಸಮುದ್ರ ನೋಡಿದೆವು. ಅವರು ತಲೆಯೆತ್ತಿ ಮೇಲಿನ ಬಾಲ್ಕನಿಯ ಅಡಿಭಾಗ ನೋಡಿದರು. ಅಲ್ಲಿ ಗಾರೆ ಹಪ್ಪಳದಂತೆ ಉಬ್ಬಿ, ಸರಳಿನ ಗುಂಟ ಕಂದು ಗೆರೆ ಇಳಿದಿತ್ತು. ‘ವಿಶಾಖ ಉಕ್ಕು ಆಂಧ್ರರ ಹಕ್ಕು’ ಎಂದು 1966ರಲ್ಲಿ ಹೋರಾಡಿ ಕಾರ್ಖಾನೆ ಪಡೆದ ಊರದು. ಆದರೆ ಉಕ್ಕು ಆಂಧ್ರರ ಹಕ್ಕಾದರೆ ತುಕ್ಕು ಸಮುದ್ರದ ಹಕ್ಕು. ಉಪ್ಪುಗಾಳಿ ಕಾಂಕ್ರೀಟಿನ ಸಣ್ಣ ಬಿರುಕಿನಲ್ಲಿ ನುಸುಳಿ ಸರಳು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೂಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಜಾಗ ಸಿಗದೆ ಕಾಂಕ್ರೀಟನ್ನೇ ಒಡೆದು ಹೊರಗೆ ಬರುತ್ತದೆ. ಅದಕ್ಕೇ ಐಎಸ್ 456 ಎಂಬ ಸಂಹಿತೆ ಕಡಲ ಗಾಳಿಗೆ ಬಯಲಾದ ಕಡೆ ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಲಿ ಎನ್ನುತ್ತದೆ. ಮೇಸ್ತ್ರಿಗಳ ಸಂಪ್ರದಾಯದಲ್ಲಿ ಇದನ್ನು ಹೆಬ್ಬೆರಳಿನಿಂದ ಅಳೆಯುತ್ತಾರೆ. ಹೆಬ್ಬೆರಳು ಯಾರದು ಎಂಬ ಬಗ್ಗೆ ಸಂಹಿತೆ ಮೌನ.

ಫೀಸು ಕೇಳದೆ ಪರೀಕ್ಷೆ ಮಾಡುವವರೂ ಇದ್ದಾರೆ. 2014ರ ಅಕ್ಟೋಬರ್ 12ರಂದು ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದ ಗಾಳಿಯೊಡನೆ ವಿಶಾಖಪಟ್ಟಣಕ್ಕೆ ಬಂದ ಚಂಡಮಾರುತ ಹುದ್‌ಹುದ್ ಊರಿನ ಅಷ್ಟೂ ಕಿಟಕಿಗಳನ್ನು ಒಂದೇ ದಿನದಲ್ಲಿ ತಪಾಸಣೆ ಮಾಡಿತು. ವಿಮಾನ ನಿಲ್ದಾಣದ ಚಾವಣಿಯೂ ನಪಾಸಾಯಿತು. ಹುದ್‌ಹುದ್ ಎಂದರೆ ನಮ್ಮ ಚಂದ್ರಮುಕುಟ ಹಕ್ಕಿ, ಹೆಸರಿಟ್ಟದ್ದು ಒಮಾನ್. ಅಂದು ಜನ ಸತ್ತರು, ಆದ್ದರಿಂದ ಈ ಪರೀಕ್ಷಕನ ಬಗ್ಗೆ ಪಾಂಡಿತ್ಯ ಇಲ್ಲಿಗೆ ಸಾಕು.

ಕಾನೂನಿನ ಮತ ಏನು ಎಂದು ಕೇಳುವವರುಂಟು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ದೊಡ್ಡ ದೋಷವನ್ನು ಮಾರುವವನು ಬಾಯಿಬಿಟ್ಟು ಹೇಳಬೇಕು. ಅಂದರೆ ಕಾಣುವಂಥದ್ದನ್ನು ನೀನು ನೋಡಿಯೇ ಇದ್ದೀಯ ಎಂದು ಕಾನೂನು ನಂಬಿಕೊಂಡಿದೆ. ನೂರನಲವತ್ತು ವರ್ಷ ಕಳೆದರೂ ಆ ನಂಬಿಕೆ ಕದಲಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದ ಮೇಲೆ, ಹೊಸ ಕಟ್ಟಡದಲ್ಲಿ ಸ್ವಾಧೀನದಿಂದ ಐದು ವರ್ಷದೊಳಗೆ ದೋಷ ತೋರಿಸಿಕೊಟ್ಟರೆ ಬಿಲ್ಡರು ಮೂವತ್ತು ದಿನದಲ್ಲಿ ಬಿಟ್ಟಿಯಾಗಿ ಸರಿಮಾಡಬೇಕು. ಬಿರುಕುಗಳೂ ಈ ಕಾಯ್ದೆ ಓದಿಕೊಂಡಿರುತ್ತವೆ. ಬಹಳಷ್ಟು ಆರನೆಯ ವರ್ಷಕ್ಕೆ ಕಾಯುತ್ತವೆ.

ಎಂವಿಪಿ ಕಾಲೊನಿಯ ಫ್ಲಾಟನ್ನು ಕೈಬಿಟ್ಟೆವು. “ಹನ್ನೆರಡು ಸಾವಿರ ದಂಡ” ಎಂದು ಅಕ್ಕ ಎರಡು ದಿನ ಗೊಣಗಿದಳು. “72 ಲಕ್ಷ ಉಳೀತಲ್ಲೇ” ಎಂದು ಭಾವ ಮೂರನೆಯ ದಿನ ಅಂದರು. ನಂತರ ಮಗಳಿರುವ ವಿಜಯವಾಡದಲ್ಲೇ ಇರೋಣವೆಂದು ಸಿಂಗ್ ನಗರದ ಕಡೆ ಒಂದು ಫ್ಲಾಟು ನೋಡಲು ಹೋದೆವು. ಇಂಜಿನಿಯರು ಬೇಡ, ನಾನೇ ಕಲಿತಿದ್ದೇನೆ ಎಂದು ಭಾವ ಐದು ರೂಪಾಯಿಯ ನಾಣ್ಯ ಹಿಡಿದು ಬಂದಿದ್ದರು.

ಮನೆ ಮೊದಲ ಮಹಡಿಯಲ್ಲಿತ್ತು. ತಟ್ಟಿದ್ದೆಲ್ಲ ಟಿಣ್ ಎಂದಿತು. ಬೆಲೆಯೂ ಸುತ್ತಲಿಗಿಂತ ಕಡಿಮೆ. ಆದರೆ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಗೋಡೆಗಳಿಗೆ ಎದೆಮಟ್ಟದ ತನಕ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣ. ಕೆಳಗಿನದು ಹೊಸದು. “ಡಬಲ್ ಕಲರ್ ಸಾರ್, ಈಗ ಅದೇ ಫ್ಯಾಶನ್” ಎಂದ ಇಲ್ಲಿಯ ಬ್ರೋಕರು. ಕರೆಂಟಿನ ಮೀಟರುಗಳು ಕುರ್ಚಿ ಹಾಕಿಕೊಂಡು ಓದುವಷ್ಟು ಮೇಲಿದ್ದವು. “ಮಕ್ಕಳ ಸೇಫ್ಟಿಗೆ.”

2024ರ ಸೆಪ್ಟೆಂಬರ್ 1ರಂದು ಬುಡಮೇರು ಎಂಬ ಹಳ್ಳ ದಂಡೆ ಒಡೆದು ಈ ಬಡಾವಣೆಗಳಿಗೆ ನುಗ್ಗಿತ್ತು. ತನ್ನ ನೀರನ್ನು ಕೃಷ್ಣೆಗೆ ಸುರಿಯೋಣವೆಂದರೆ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆಯೇ 11 ಲಕ್ಷ ಕ್ಯೂಸೆಕ್ಸಿಗೂ ಮೀರಿ ಹರಿಯುತ್ತಿದ್ದಳು. ಅನುಮಾನ ಪ್ರಮಾಣ ಸಾಕಾಗಿತ್ತು. ಆದರೂ ಶಾಸ್ತ್ರ ಪೂರ್ಣವಾಗಲೆಂದು ಭಾವ ಎದುರಿನ ಡಬ್ಬಿ ಅಂಗಡಿಯಿಂದ ಒಂದು ಟೀ ತರಿಸಿ, ಮೆಟ್ಟಿಲ ಕೆಳಗೆ ಸಂಸಾರ ಮಾಡಿಕೊಂಡಿದ್ದ ವಾಚ್‌ಮನ್ನನಿಗೆ ಕೊಟ್ಟು, ಮೆಲ್ಲಗೆ “ನೀಳ್ಳು ಎಂತವರಕು ವಚ್ಚಾಯಿ?” (ನೀರು ಎಲ್ಲಿಯ ತನಕ ಬಂದಿತ್ತು?) ಎಂದು ಕೇಳಿದರು.

ಅವನು ಗೇಟಿನ ಹತ್ತಿರ ಫೋನಿನಲ್ಲಿದ್ದ ಬ್ರೋಕರನ ಕಡೆ ಒಮ್ಮೆ ನೋಡಿದ. ಟೀ ಮುಗಿಸಿದ. ಲೋಟ ಕೆಳಗಿಟ್ಟು, ಬಾಯಿ ಬಿಡದೆ ಎರಡು ಮೆಟ್ಟಿಲು ಹತ್ತಿ ನಿಂತು, ಅಂಗೈಯನ್ನು ಗೋಡೆಗೆ ಅಡ್ಡಲಾಗಿ ಒತ್ತಿ ಹಿಡಿದ. ಎರಡು ಬಣ್ಣ ಕೂಡುವ ಗೆರೆಗಿಂತ ಒಂದು ಗೇಣು ಮೇಲಿತ್ತು ಕೈ.