ಕ್ಷೇಮಪ್ಪನವರ ಆರು ಖಾತೆ

ಬೆಳಿಗ್ಗೆ ಐದೂವರೆಗೆ ತುಮಕೂರಿನ ಅಮಾನಿಕೆರೆಯ ಕಡೆ ಹೋದರೆ ಎರಡು ಬಗೆಯ ಜನ ಸಿಗುತ್ತಾರೆ. ನಡೆಯಲು ಬಂದವರು ಒಂದು ಬಗೆ, ನಡೆದದ್ದಕ್ಕೆ ಲೆಕ್ಕ ಇಡಲು ಬಂದವರು ಇನ್ನೊಂದು ಬಗೆ. ಎರಡನೆಯವರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ನಾಲ್ಕು ಹೆಜ್ಜೆ ನಡೆದು ಎಡಗೈ ಎತ್ತುತ್ತಾರೆ, ಕನ್ನಡಕವನ್ನು ಹಣೆಗೇರಿಸಿ ಮಣಿಕಟ್ಟು ನೋಡುತ್ತಾರೆ, ಹುಬ್ಬು ಗಂಟಿಕ್ಕಿ ಮತ್ತೆ ನಡೆಯುತ್ತಾರೆ. ಅರವತ್ತು ದಾಟಿರುತ್ತದೆ. ಸರ್ಕಾರಿ ನೌಕರಿಯ ಪಿಂಚಣಿ ಬರುತ್ತಿರುತ್ತದೆ. ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇರುವ ಮಗಳು ಹುಟ್ಟುಹಬ್ಬಕ್ಕೆ ಸ್ಮಾರ್ಟ್ ವಾಚು ಕಳಿಸಿರುತ್ತಾಳೆ. ಇಂಥವರು ಬೀದಿಗಿಬ್ಬರು ಇರುವುದರಿಂದ ಎಲ್ಲರಿಗೂ ಸೇರಿ ಕ್ಷೇಮಪ್ಪ ಎಂದು ಒಂದೇ ಹೆಸರಿಟ್ಟುಕೊಳ್ಳೋಣ. ನಮ್ಮ ಕ್ಷೇಮಪ್ಪನವರು ಖಜಾನೆಯಲ್ಲಿದ್ದವರು. ಬಿಲ್ಲು ಪಾಸು ಮಾಡುವುದಕ್ಕಿಂತ ಆಕ್ಷೇಪಣೆ ಬರೆದು ವಾಪಸು ಕಳಿಸುವುದರಲ್ಲಿ ಕೈ ಪಳಗಿದವರು.

ನಿವೃತ್ತಿಯಾದ ಮೇಲೆ ಆಕ್ಷೇಪಣೆ ಎತ್ತಲು ಬಿಲ್ಲೇ ಇಲ್ಲದೆ ಕೆಲವು ಕಾಲ ಮಂಕಾಗಿದ್ದರು. ಆಮೇಲೆ ತಮ್ಮ ದೇಹವೇ ಕಣ್ಣಿಗೆ ಬಿತ್ತು.

ಮಗಳು ಒಂದು ನಮೂನೆ ಕಳಿಸಿದ್ದಳು. ಬಿಲ್ ಹೆಟ್ಲರ್ ಎಂಬ ಅಮೆರಿಕದ ವೈದ್ಯರು 1976ರಲ್ಲಿ ಮನುಷ್ಯನ ಕ್ಷೇಮವನ್ನು ಆರು ಭಾಗ ಮಾಡಿದರು: ದೇಹ, ಭಾವನೆ, ಬುದ್ಧಿ, ಸಮಾಜ, ವೃತ್ತಿ, ಅಧ್ಯಾತ್ಮ. ಬರೀ ಬಿಪಿ, ಶುಗರ್ ನೋಡಿಕೊಂಡು ಕೂರಬೇಡಿ, ಬಾಳನ್ನು ಇಡಿಯಾಗಿ ನೋಡಿ ಎಂಬುದು ಆ ವೈದ್ಯರ ಆಶಯ. ಕ್ಷೇಮಪ್ಪನವರಿಗೆ ಅದರಲ್ಲಿ ಕಂಡದ್ದು ಆರು ಲೆಕ್ಕಶೀರ್ಷಿಕೆ. ಅಂದೇ ರಟ್ಟಿನ ಹೊದಿಕೆಯ ಉದ್ದನೆ ರಿಜಿಸ್ಟರ್ ತಂದು, ಕೆಂಪು ಶಾಯಿಯಲ್ಲಿ ಆರು ಕಾಲಂ ಎಳೆದು, ಪುಟಕ್ಕೆ ಪುಟ ನಂಬರು ಹಾಕಿದರು. ಮನೆಯವರು ಇಣುಕಿ ನೋಡಿ, "ಮತ್ತೆ ಕೆಲ್ಸಕ್ಕೆ ಕರೆದ್ರೇನ್ರೀ?" ಅಂದರು.

ಆ ಮಾತು ತಮಾಷೆಗೆ ಬಂದದ್ದಾದರೂ ಸುಳ್ಳಲ್ಲ. ಅರವತ್ತು ತುಂಬಿದ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಿತ್ತುಕೊಂಡ ಟೇಬಲ್ಲು ಕ್ಷೇಮಪ್ಪನವರಿಗೆ ಮರಳಿ ಸಿಕ್ಕಿತ್ತು. ವೃತ್ತಿಯ ಕಾಲಂನಲ್ಲಿ ಏನು ಬರೆಯುವುದೆಂದು ತಲೆ ಕೆಡಿಸಿಕೊಂಡವರಿಗೆ, ಆ ರಿಜಿಸ್ಟರ್ ಬರೆಯುವುದೇ ತಮ್ಮ ವೃತ್ತಿ ಎಂಬುದು ಇನ್ನೂ ಹೊಳೆದಿಲ್ಲ.

ದೇಹದ ಖಾತೆಯಲ್ಲಿ ವ್ಯವಹಾರ ಜಾಸ್ತಿ. ಬಿಪಿಯನ್ನು ಮೂರು ಸಲ ನೋಡುತ್ತಾರೆ. ವೈದ್ಯರು ಸರಾಸರಿ ತೆಗೆಯಿರಿ ಎನ್ನುತ್ತಾರೆ. ಇವರು ಮೂರರಲ್ಲಿ ಕನಿಷ್ಠ ಟೆಂಡರನ್ನು ಒಪ್ಪಿಕೊಂಡು ಉಳಿದೆರಡನ್ನು ತಿರಸ್ಕರಿಸುತ್ತಾರೆ. ಹೆಜ್ಜೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ದಿನಕ್ಕೆ 10,000 ಆಗಲೇಬೇಕು. ಈ ಹತ್ತು ಸಾವಿರ ಯಾವ ಆಸ್ಪತ್ರೆಯಲ್ಲೂ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕೆ ಇಟ್ಟ ಹೆಸರಿನಲ್ಲೇ ಆ ಅಂಕಿ ಇತ್ತು. ವಯಸ್ಸಾದ ಅಮೆರಿಕದ ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 4,400 ಹೆಜ್ಜೆ ನಡೆದವರಿಗೇ ಲಾಭ ಕಂಡಿತ್ತು. 7,500ರ ಆಚೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮಗಳು ಇದನ್ನೆಲ್ಲ ಫೋನಿನಲ್ಲಿ ವಿವರಿಸಿದಳು. "ಗುರಿ ಕಡಿಮೆ ಮಾಡೋಕೆ ಲಿಖಿತ ಆದೇಶ ಬೇಕಮ್ಮ" ಅಂದರು ಅಪ್ಪ.

ಹೀಗಾಗಿ ರಾತ್ರಿ ಹತ್ತೂಮುಕ್ಕಾಲಿಗೆ ದೀಪ ಆರಿದ ಮನೆಯಲ್ಲಿ ಹಜಾರದಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಜಾರಕ್ಕೆ ಒಂದು ಆಕೃತಿ ಓಡಾಡುತ್ತಿರುತ್ತದೆ.

"ಏನ್ರೀ, ಏನಾದ್ರೂ ಕಳ್ಕೊಂಡ್ರಾ?"

"ಮುನ್ನೂರ ಅರವತ್ತು ಕಮ್ಮಿ ಬಿದ್ದೈತೆ, ನೀನ್ ಮಲಕ್ಕೊ."

ಮಲಗಿದ ಮೇಲೂ ನೆಮ್ಮದಿಯಿಲ್ಲ. ನಿದ್ದೆಗೂ ವಾಚು ಅಂಕ ಕೊಡುತ್ತದೆ. ಎದ್ದಾಗ ಮೈ ಹಗುರವಾಗಿಯೇ ಇರುತ್ತದೆ, ಬಚ್ಚಲಿಗೆ ಹೋಗುವಾಗ ಬಾಯಲ್ಲಿ ಹಾಡೂ ಇರುತ್ತದೆ. ವಾಚು ನೋಡಿ 61 ಎಂದು ಕಂಡರೆ ಅಲ್ಲಿಂದಾಚೆಗೆ ಆಕಳಿಕೆ ಶುರು. ಅಂಕದ ಚಿಂತೆಯಲ್ಲೇ ನಿದ್ದೆಗೆಡುವ ಇಂಥವರನ್ನು ಅಮೆರಿಕದ ಸಂಶೋಧಕರು ಕಂಡು, 2017ರಲ್ಲಿ ಆ ಸ್ಥಿತಿಗೆ 'ಆರ್ಥೋಸೋಮ್ನಿಯಾ' ಎಂದು ಹೆಸರಿಟ್ಟಿದ್ದಾರೆ. ಮನೆಯವರು ಅದಕ್ಕಿಟ್ಟ ಹೆಸರು ಬೇರೆ, ಅಚ್ಚು ಹಾಕುವಂಥದ್ದಲ್ಲ.

ಬೇಗ ಏಳುವುದಕ್ಕೆ ಕ್ಷೇಮಪ್ಪನವರು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಉದಾಹರಣೆ ಕೊಡುತ್ತಾರೆ. ತುಮಕೂರಿನಲ್ಲಿ ಆರೋಗ್ಯದ ಮಾತು ಎಲ್ಲಿ ಶುರುವಾದರೂ ಹೋಗಿ ಸೇರುವುದು ಅಲ್ಲಿಗೇ. 1907ರ ಏಪ್ರಿಲ್ 1ರಂದು ಹುಟ್ಟಿ 2019ರ ಜನವರಿ 21ರವರೆಗೆ ಬಾಳಿದ ನೂರಾಹನ್ನೊಂದು ವರ್ಷದ ಜೀವ. ಮಿತವಾದ ಊಟ, ನಸುಕಿಗೆ ಮುಂಚೆಯೇ ಎದ್ದು ಪೂಜೆ. ಇವಿಷ್ಟೂ ನಮ್ಮವರಿಗೆ ಬಾಯಿಪಾಠ. ಸ್ವಾಮಿಗಳು ಅಷ್ಟು ಬೇಗ ಎದ್ದು ಸಾವಿರಾರು ಮಕ್ಕಳ ಅನ್ನ, ಅಕ್ಷರ, ಆಶ್ರಯದ ಹೊಣೆ ಹೊರುತ್ತಿದ್ದರು ಎಂಬ ಭಾಗ ಮಾತ್ರ ರಿಜಿಸ್ಟರಿನ ಯಾವ ಕಾಲಂಗೂ ಹೊಂದದೆ ಬಿಟ್ಟುಹೋಗಿದೆ. ಕ್ಷೇಮಪ್ಪನವರು ಎದ್ದು ಮಿಕ್ಕವರನ್ನು ಎಬ್ಬಿಸುತ್ತಾರೆ.

ಊಟದ ಸುಧಾರಣೆ 2023ರಲ್ಲಿ ಆಯಿತು. ವಿಶ್ವಸಂಸ್ಥೆ ಅದನ್ನು ಸಿರಿಧಾನ್ಯದ ವರ್ಷವೆಂದು ಸಾರಿತ್ತಲ್ಲ, ಆಗ. ಆನ್‌ಲೈನಿನಲ್ಲಿ 'ಮಲ್ಟಿ ಮಿಲೆಟ್ ಮಿಕ್ಸ್' ತರಿಸಿದರು. ಮನೆಯವರು ಪೊಟ್ಟಣ ತಿರುಗಿಸಿ ಓದಿದರೆ ಮೊದಲ ಸಾಲಿನಲ್ಲೇ ರಾಗಿ. ಕುಣಿಗಲ್ಲಿನ ಹೊಲದಿಂದ ಮನೆಯವರ ತಮ್ಮ ಕಳಿಸಿದ ರಾಗಿ ಮೂಟೆ ಅಟ್ಟದ ಮೇಲಿತ್ತು. ಇಬ್ಬರೂ ಒಂದು ಗಳಿಗೆ ಅದನ್ನೇ ನೋಡಿದರು. "ಇದು ಸರ್ಟಿಫೈಡ್" ಅಂದರು ಕ್ಷೇಮಪ್ಪ. ಇಷ್ಟಾದರೂ ಭಾನುವಾರ ಗೆಳೆಯರ ಜೊತೆ ಕ್ಯಾತ್ಸಂದ್ರಕ್ಕೆ ಹೋಗಿ, ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡಿ, ಅದು ಕರಗಿ ಮುಗಿಯುವ ಮೊದಲೇ ಇನ್ನೊಂದು ತಟ್ಟೆ ಹೇಳುವುದು ನಿಂತಿಲ್ಲ. ದೇಹದ ಖಾತೆಯಲ್ಲಿ ಇದಕ್ಕೆ ಅನುದಾನವಿಲ್ಲ. ಗೆಳೆಯರಿದ್ದರಲ್ಲ, ಹಾಗಾಗಿ ಖರ್ಚು ಸಮಾಜದ ಖಾತೆಗೆ. ಮರುವಿನಿಯೋಗದ ನಿಯಮಗಳನ್ನು ಖಜಾನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾವನೆಯ ಕಾಲಂ ಬಹಳ ದಿನ ಖಾಲಿ ಇತ್ತು. ಆಗ ಸಿಕ್ಕಿದ್ದು ಐದು ಪ್ರಶ್ನೆಗಳ ಒಂದು ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 1998ರಿಂದ ಬಳಕೆಯಲ್ಲಿರುವಂಥದ್ದು. ಕಳೆದ ಎರಡು ವಾರ ಮನಸ್ಸು ಉಲ್ಲಾಸವಾಗಿತ್ತೇ, ನಿರಾಳವಾಗಿತ್ತೇ, ಮೈಯಲ್ಲಿ ಚಟುವಟಿಕೆ ಇತ್ತೇ ಎಂಬಂಥ ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಒಟ್ಟನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಎಂದು ಬರುತ್ತದೆ. ಕ್ಷೇಮಪ್ಪನವರಿಗೆ 48 ಬಂತು. ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು ಇನ್ನೊಬ್ಬರ ಮೇಲೆ ಪ್ರಯೋಗ ಮಾಡಬೇಕಲ್ಲ? ರೈಲು ಹತ್ತಿ ಗುಬ್ಬಿಗೆ, ಅಕ್ಕನ ಮನೆಗೆ ಹೋದರು.

"ಅಕ್ಕಾ, ಹೋದ ಹದಿನೈದು ದಿನದಲ್ಲಿ ಮನಸ್ಸು ಸಮಾಧಾನವಾಗಿತ್ತಾ? ಐದಕ್ಕೆ ಎಷ್ಟು ಕೊಡ್ತೀಯ?"

"ನೀನ್ ಬರೋಗಂಟ ಚೆನ್ನಾಗೇ ಇತ್ತು ಕಣಪ್ಪ. ಮೂರು ಹಾಕ್ಕೊ."

"ಬೆಳಿಗ್ಗೆ ಹುರುಪಾಗಿ ಏಳ್ತೀಯಾ?"

"ಹಸ ಕರಿಯೋಕೆ ಏಳ್ತೀನಿ. ನಂಗೆ ಹುರುಪು ಬರ್ಲಿ ಅಂತ ಹಸ ಕಾಯ್ತದೇನೋ?"

"ಮನಸ್ಸಿಗೆ ಹಿಡಿಸೋ ಸಂಗತಿ ದಿನಾ ಇರ್ತವಾ?"

"ಎದುರುಮನೆಗೆ ಸೊಸೆ ಬಂದ್ಮೇಲೆ ಒಂದ್ ದಿನಾನೂ ಖಾಲಿ ಹೋಗಿಲ್ಲ. ಐದಕ್ಕಿಂತ ಜಾಸ್ತಿ ಇದ್ರೆ ಅದ್ನೇ ಹಾಕು."

ಅಕ್ಕನಿಗೆ 80. ಭಾವ ಪಡಸಾಲೆಯಲ್ಲಿ ಅಡಿಕೆ ಹೋಳು ಮಾಡುತ್ತ ಕೇಳಿಸಿಕೊಳ್ಳುತ್ತಿದ್ದರು. ಕ್ಷೇಮಪ್ಪನವರು ಏಳು ಗಂಟೆ ನಿದ್ದೆಯ ಮಹತ್ವ ಹೇಳಹೊರಟಾಗ ಭಾವ ಕೈಯೆತ್ತಿದರು. "ನಮ್ಮಪ್ಪ ವೀರಣ್ಣೋರ ಕಂಪನಿ ನಾಟ್ಕ ನೋಡ್ಕಂಡು ಬೆಳಗಿನ ಜಾವ ಬಂದು ಹಂಗೇ ತೋಟಕ್ಕೆ ಹೋಗೋರು. ಸ್ಟೇಜಿನ ಮೇಲೆ ನಿಜವಾದ ಆನೆ ಬರೋವಾಗ ನಿದ್ದೆ ಯಾರಿಗ್ ಬೇಕಿತ್ತು?" ಗುಬ್ಬಿಯವರ ಮುಂದೆ ಗುಬ್ಬಿ ಕಂಪನಿಯನ್ನು ವಿರೋಧಿಸಿ ಗೆದ್ದವರಿಲ್ಲ.

ಇಲ್ಲಿ ನಗು ಸ್ವಲ್ಪ ನಿಲ್ಲಿಸಿ ಒಂದು ಮಾತು. ಆ ಐದು ಪ್ರಶ್ನೆಗಳು ಹುಡುಗಾಟದವಲ್ಲ. ಐವತ್ತಕ್ಕಿಂತ ಕಡಿಮೆ ಬಂದರೆ ಕಾಯಿಲೆ ಎಂದೇನೂ ಅರ್ಥವಲ್ಲ, ವೈದ್ಯರ ಹತ್ತಿರ ಒಮ್ಮೆ ಮಾತಾಡಿ ಎಂದು ಅರ್ಥ. ಮನೆಯಿಂದಲೇ ಮಾತಾಡಲು 2022ರಿಂದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಕ್ಷೇಮಪ್ಪನವರ ತೊಂದರೆ ಏನೆಂದರೆ, ಎರಡು ವಾರದ ಲೆಕ್ಕ ಕೇಳುವ ಪಟ್ಟಿಯನ್ನು ದಿನಾ ಬೆಳಿಗ್ಗೆ, ವಾಚು ನೋಡಿದ ಮೇಲೆ ತುಂಬುತ್ತಾರೆ. ಆದರೂ ತಾಲ್ಲೂಕು ಆಸ್ಪತ್ರೆಯ ಚೀಟಿಯನ್ನೇ ಮಡಿಸಿ ಜೇಬಿನಲ್ಲಿಟ್ಟುಕೊಂಡು, 'ಏನಾಗಿಲ್ಲ ಬಿಡಿ' ಎಂದು ವರ್ಷಗಟ್ಟಲೆ ತಿರುಗುವ ಗಂಡಸರಿಗಿಂತ ಈ ಮನುಷ್ಯ ಮೇಲು. ಕ್ಷೇಮಪ್ಪನವರು ಕೊನೆಗೂ ವೈದ್ಯರ ಹತ್ತಿರ ಹೋದರು. ರಿಜಿಸ್ಟರನ್ನೂ ತೆಗೆದುಕೊಂಡು ಹೋದರು. ವೈದ್ಯರು ಪುಟ ತಿರುವಿ, ಎಲ್ಲ ಚೆನ್ನಾಗಿದೆ, ವಾಚನ್ನು ರಾತ್ರಿ ಬಿಚ್ಚಿಡಿ ಎಂದರು. ಈ ಸಲಹೆ 'ಪರಿಶೀಲನೆಯಲ್ಲಿದೆ'.

ಇನ್ನು ಅಧ್ಯಾತ್ಮ. ಅದಕ್ಕೆ ಕುಣಿಗಲ್ ಪ್ರವಾಸ. ಭಾವಮೈದನ ಮನೆಯಲ್ಲಿ ಇಳಿದವರು ಬೆಳಿಗ್ಗೆ ಜಗುಲಿಯ ಮೇಲೆ ಬಿಪಿ ಪಟ್ಟಿ, ಶುಗರ್ ಸೂಜಿ, ತೂಕದ ಯಂತ್ರ ಸಾಲಾಗಿ ಜೋಡಿಸಿದ್ದನ್ನು ನೋಡಿ ಆತ ಹೇಳಿದ, "ಇಷ್ಟೆಲ್ಲ ತಪಾಸಣೆ ನಮ್ಮೂರಲ್ಲಿ ಸ್ಟಡ್ ಫಾರಂ ಕುದುರೆಗೆ ಮಾತ್ರ ಮಾಡ್ತಾರೆ ಭಾವ. ನೀವು ಯಾವ ರೇಸಿಗೆ ಓಡ್ತಿದೀರಿ?" ಟಿಪ್ಪುವಿನ ಕಾಲದಿಂದ ಕುದುರೆ ಕಂಡ ಊರಿನವರ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅಲ್ಲಿಂದ ಎಡೆಯೂರಿಗೆ ಹೊರಟರು.

ಎಡೆಯೂರಿನಲ್ಲಿ ಪ್ರದಕ್ಷಿಣೆ ಹಾಕುವಾಗ ಎಡಗೈಯನ್ನು ಮಾತ್ರ ಜೋರಾಗಿ ಬೀಸುತ್ತಿದ್ದವರೇ ನಮ್ಮ ಕ್ಷೇಮಪ್ಪ. ಒಂದೇ ನಡಿಗೆ, ದೇಹಕ್ಕೂ ಜಮಾ, ಅಧ್ಯಾತ್ಮಕ್ಕೂ ಜಮಾ. ಆಮೇಲೆ ಸಿದ್ಧಲಿಂಗೇಶ್ವರರ ಗದ್ದುಗೆಯ ಎದುರು ಕಣ್ಣುಮುಚ್ಚಿ ಕೂತರು. ಹತ್ತಿರದ ಕಗ್ಗೆರೆಯ ತೋಟದಲ್ಲಿ ಮೈಮೇಲೆ ಹುತ್ತ ಬೆಳೆದರೂ ಅಲುಗದೆ ತಪಸ್ಸಿಗೆ ಕೂತವರೆಂದು ಜನ ನಂಬುವ ಯೋಗಿ ಅವರು. ಅಂಥವರ ಸನ್ನಿಧಿಯಲ್ಲಿ ಕ್ಷೇಮಪ್ಪನವರ ಮನಸ್ಸು ಎಂದೂ ಇಲ್ಲದಂತೆ ನಿಂತಿತು. ಎಷ್ಟು ಹೊತ್ತೋ ತಿಳಿಯಲಿಲ್ಲ. ಒಮ್ಮೆಗೇ ಮಣಿಕಟ್ಟು ಗುಂಯ್‌ಗುಟ್ಟಿತು: ಕೂತು ಒಂದು ಗಂಟೆಯಾಯಿತು, ಎದ್ದು ಓಡಾಡಿ. ಎದ್ದರು. ಹುತ್ತಕ್ಕೆ ಅವಕಾಶವಾಗಲಿಲ್ಲ.

ದಾಸೋಹದಲ್ಲಿ ಪಾಯಸ ಬಡಿಸುವವರು ಮೂರನೆಯ ಸಲ ಬಂದಾಗ ಮನೆಯವರು ಪಕ್ಕದಿಂದ ಮೊಣಕೈ ತಿವಿದರು. "ಪ್ರಸಾದ ಬೇಡ ಅನ್ಬಾರ್ದು" ಎಂದು ಕ್ಷೇಮಪ್ಪನವರು ಎಲೆಯ ಮೇಲೆ ಜಾಗ ಮಾಡಿಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ರಿಜಿಸ್ಟರ್ ತೆರೆದು, ಪೆನ್ನಿನ ಮುಚ್ಚಳ ಕಚ್ಚಿ, ಮೂರು ಸೌಟು ಪಾಯಸವನ್ನು ಅಧ್ಯಾತ್ಮದ ಖಾತೆಗೆ ಹಾಕಿ ಸಹಿ ಮಾಡಿದರು.