ಲಂಚವಲ್ಲ ಸ್ವಾಮಿ, ಸಲಹಾ ಶುಲ್ಕ!

ಲಂಚ ಬಡ ದೇಶಗಳ ರೋಗವಂತೆ. ಸೂಟು ತೊಟ್ಟವರೆಲ್ಲ ಹೀಗೇ ಹೇಳುತ್ತಾರೆ. ನಾವೂ ತಲೆಯಾಡಿಸುತ್ತೇವೆ. ಕೈ ಚಾಚಿದವನು ಕಳ್ಳ, ಸರಿ. ಆ ಕೈಗೆ ಹಣವಿಟ್ಟವನು ಯಾರು?

ಜರ್ಮನಿಯ ಸೀಮೆನ್ಸ್ ಕಂಪನಿಯನ್ನೇ ನೋಡಿ. ಅಲ್ಲಿ ಇದಕ್ಕೆ ಕ್ಯಾಶ್ ಕೌಂಟರ್‌ಗಳೇ ಇದ್ದವು. ನೌಕರರು ಖಾಲಿ ಸೂಟ್‌ಕೇಸ್ ತಂದು ಹತ್ತು ಲಕ್ಷ ಯೂರೊವರೆಗೆ ತುಂಬಿಕೊಂಡು ಹೋಗುತ್ತಿದ್ದರು. ಮಂಜೂರಾತಿಯ ಸಹಿ ಬೀಳುತ್ತಿದ್ದುದು ಅಂಟುಚೀಟಿಯ ಮೇಲೆ. ಬೇಡವಾದಾಗ ಕಿತ್ತರಾಯಿತು. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತನಾದರೂ ಐನೂರು ರೂಪಾಯಿಗೆ ಅತ್ತಿತ್ತ ನೋಡುತ್ತಾನೆ!

ಇವರಿಗೇಕೆ ಅಂಜಿಕೆ? ಅಭ್ಯಾಸ ಹಳೆಯದು. 1999ರವರೆಗೆ ಜರ್ಮನಿಯಲ್ಲಿ ವಿದೇಶಿ ಅಧಿಕಾರಿಗೆ ಲಂಚ ಕೊಡುವುದು ಅಪರಾಧವೇ ಆಗಿರಲಿಲ್ಲ. ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆಯನ್ನೂ ಉಳಿಸಬಹುದಿತ್ತು. ಪಾಪ ಪರದೇಶಕ್ಕೆ, ಲಾಭ ಸ್ವದೇಶಕ್ಕೆ.

ಈಗ ಕಾನೂನು ಬಂದಿದೆ. ಹಾಗಾಗಿ ಕಂಪನಿ ನೇರವಾಗಿ ಕೊಡುವುದಿಲ್ಲ. ನಡುವೆ ಒಬ್ಬ ‘ಸಲಹೆಗಾರ’ ಇರುತ್ತಾನೆ. ಅವನ ಸಲಹೆಯನ್ನು ಯಾರೂ ಓದಿರುವುದಿಲ್ಲ. ಬಿಲ್ಲು ಮಾತ್ರ ತಪ್ಪದೆ ಪಾಸಾಗುತ್ತದೆ. ಬ್ರೆಜಿಲ್‌ನಲ್ಲಿ ವಾಲ್‌ಮಾರ್ಟ್‌ಗೆ ಚಕಚಕನೆ ಪರವಾನಗಿ ಕೊಡಿಸುತ್ತಿದ್ದ ಮಧ್ಯವರ್ತಿ ಮಹಿಳೆಗೆ ಕಂಪನಿಯೊಳಗೇ ‘ಮಾಟಗಾತಿ’ ಎಂಬ ಅಡ್ಡಹೆಸರಿತ್ತು. ಮಾಟ ಎಲ್ಲರಿಗೂ ಕಾಣುತ್ತಿತ್ತು. ಮಂತ್ರ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಸಿಕ್ಕಿಬಿದ್ದರೆ? ದಂಡ. 2008ರಲ್ಲಿ ಸೀಮೆನ್ಸ್ ಅಮೆರಿಕ ಮತ್ತು ಜರ್ಮನಿಗೆ ಸುಮಾರು 160 ಕೋಟಿ ಡಾಲರ್ ತೆತ್ತಿತು. ಅಮೆರಿಕದ ಕೋರ್ಟಿನಲ್ಲಿ ಮಾತೃಸಂಸ್ಥೆ ಒಪ್ಪಿಕೊಂಡ ತಪ್ಪೇನು ಗೊತ್ತೆ? ಲಂಚ ಕೊಟ್ಟದ್ದಲ್ಲ. ಲೆಕ್ಕಪತ್ರ ಸರಿಯಾಗಿ ಇಡದ್ದು!

ಇನ್ನು ಅಮೆರಿಕದ ಧರ್ಮಬುದ್ಧಿ. ತನ್ನದೇ ವಿಮಾನ ಕಂಪನಿ ಲಾಕ್‌ಹೀಡ್‌ನ ಲಂಚ ಹಗರಣದಿಂದ ಮುಖಭಂಗವಾದ ಮೇಲೆ 1977ರಲ್ಲಿ ಕಾನೂನು ತಂದಿತು. ಗುತ್ತಿಗೆಗಾಗಿ ಕೊಟ್ಟರೆ ಅಪರಾಧ. ಮಾಮೂಲಿ ಕಡತ ಬೇಗ ಸರಿಯಲೆಂದು ಕೈಬಿಸಿ ಮಾಡಿದರೆ ಅದೇ ಕಾನೂನಿನಲ್ಲಿ ವಿನಾಯಿತಿ. 2025ರ ಫೆಬ್ರುವರಿಯಲ್ಲಿ ಟ್ರಂಪ್ ಇದರ ಜಾರಿಯನ್ನೇ ಕೆಲಕಾಲ ತಡೆದರು. ಕಾರಣ? ಕಾನೂನಿನಿಂದ ಅಮೆರಿಕದ ಕಂಪನಿಗಳು ಪೈಪೋಟಿಯಲ್ಲಿ ಹಿಂದೆ ಬೀಳುತ್ತಿವೆಯಂತೆ. ಪ್ರಾಮಾಣಿಕತೆ ನಷ್ಟದ ಬಾಬ್ತು ಎಂದು ಅಧ್ಯಕ್ಷರೇ ಸಹಿ ಹಾಕಿದಂತಾಯಿತು.

ನಾವು ನಗುವಂತಿಲ್ಲ. ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಮಸೂದೆ 2011ರಲ್ಲಿ ಲೋಕಸಭೆಗೆ ಬಂತು. 2014ರಲ್ಲಿ ಆ ಲೋಕಸಭೆಯ ಜೊತೆಗೇ ಸತ್ತಿತು. ಆಮೇಲೆ ಎಷ್ಟು ಭಾಷಣ, ಎಷ್ಟು ಪ್ರತಿಜ್ಞೆ! ನಮ್ಮ ಕಂಪನಿ ಹೊರದೇಶದ ಮಂತ್ರಿಯ ಜೇಬು ತುಂಬಿದರೆ ಹಿಡಿಯಲೆಂದೇ ಮಾಡಿದ ಕಾನೂನು ಮಾತ್ರ ಇಂದಿಗೂ ಇಲ್ಲ. ಆ ಮಸೂದೆ ಎಲ್ಲಿ ಹೋಯಿತೆಂದು ಮತ ಕೇಳಲು ಬಂದವರನ್ನು ಒಮ್ಮೆ ಕೇಳಿ.